ಗಣಿ ಲೈನಿನಿಂದ ಕೆರೆ ಏರಿಗೆ: ಕೆಜಿಎಫ್–ಬಂಗಾರಪೇಟೆಯಲ್ಲಿ ಎರಡು ದಿನದ ಕಾಲ್ನಡಿಗೆ

ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್ ನೋಡಲು ಬರುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುತ್ತಾರೆ. ಸೈನೈಡ್ ಗುಡ್ಡದ ಬಳಿ ನಿಲ್ಲಿಸಿ ನಾಲ್ಕು ಫೋಟೊ, ಕಮ್ಮಸಂದ್ರದ ಕೋಟಿಲಿಂಗೇಶ್ವರನಿಗೆ ಒಂದು ನಮಸ್ಕಾರ, ದಾರಿಯಲ್ಲಿ ಊಟ, ಕತ್ತಲಾಗುವಷ್ಟರಲ್ಲಿ ಬೆಂಗಳೂರು. ಹಾಗೆ ಬಂದುಹೋದವರಿಗೆ ‘ಅಲ್ಲೇನಿದೆ, ಎಲ್ಲ ಪಾಳು ಬಿದ್ದಿದೆ’ ಅನ್ನಿಸಿದರೆ ತಪ್ಪು ಅವರದಲ್ಲ. ಈ ಊರಿನ ಮುಖ್ಯ ಭಾಗ ಇರುವುದೇ ನೆಲದಡಿಯಲ್ಲಿ. ಗಣಿ ನಿಂತ ಮೇಲೆ ಅಲ್ಲಿ ನೀರು ತುಂಬಿಕೊಂಡಿದೆ, ಯಾರೂ ಇಳಿಯುವಂತಿಲ್ಲ. ಆದರೆ ಅಲ್ಲಿ ಇಳಿದು ದುಡಿದವರು ಇನ್ನೂ ಇದ್ದಾರೆ. ಅವರಲ್ಲೊಬ್ಬರ ಜೊತೆ ಅರ್ಧ ದಿನ ನಡೆದರೆ ಊರು ಕಾಣಲು ಶುರುವಾಗುತ್ತದೆ.

ಊರಿನವರೇ ಹೀಗೆ ದಾರಿ ತೋರಿಸುವುದು ಬೇರೆಡೆ ರೂಢಿಯಲ್ಲಿದೆ. ವಿಯೆಟ್ನಾಂನ ಉತ್ತರದಲ್ಲಿ ಸಾಪಾ ಎಂಬ ಬೆಟ್ಟದೂರಿದೆ. ಅಲ್ಲಿಗೆ ಹೋಗುವ ಪ್ರವಾಸಿಗಳನ್ನು ಮುವೊಂಗ್ ಹೋವಾ ಕಣಿವೆಯ ಮೆಟ್ಟಿಲು ಗದ್ದೆಗಳ ನಡುವೆ ನಡೆಸಿಕೊಂಡು ಹೋಗುವವರು ಹೆಚ್ಚಾಗಿ ಹ್ಮಾಂಗ್ ಸಮುದಾಯದ ಹೆಂಗಸರು. ನೀಲಿ ಬಣ್ಣ ಅದ್ದಿದ ಬಟ್ಟೆ ಉಟ್ಟು, ತಾವೇ ನಾಟಿ ಮಾಡುವ ಗದ್ದೆಯ ಬದುವಿನ ಮೇಲೆ ಮುಂದೆ ನಡೆಯುತ್ತಾರೆ. ರಾತ್ರಿ ಊಟ, ಮಲಗುವುದು ಹಳ್ಳಿಯ ಮನೆಗಳಲ್ಲೇ. ಗದ್ದೆ ಯಾರದೋ ದಾರಿ ತೋರಿಸುವುದೂ ಅವರೇ, ಹಾಗಾಗಿ ದುಡ್ಡಿನಲ್ಲಿ ಒಂದು ಪಾಲಾದರೂ ಆ ಮನೆಗಳಿಗೇ ಸೇರುತ್ತದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಅಂಥ ಏರ್ಪಾಡು ಬೇರೂರಿಲ್ಲ. ಬೇರೂರಬೇಕು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಎರಡು ದಿನ ಸಾಕು. ಮೊದಲ ದಿನ ಗಣಿ ಕಾರ್ಮಿಕರ ಸಾಲುಮನೆಗಳ ಲೈನುಗಳು, ಎರಡನೆಯ ದಿನ ಬಂಗಾರಪೇಟೆ ಕಡೆಯ ಹಳ್ಳಿ, ಕೆರೆ, ಗದ್ದೆ.

ಯಾವಾಗ, ಹೇಗೆ

ನವೆಂಬರ್‌ನಿಂದ ಜನವರಿವರೆಗೆ ಬನ್ನಿ. ರಾಗಿ ಕೊಯ್ಲಿನ ಕಾಲ, ಅವರೆಕಾಯಿಯ ಕಾಲ, ಬಿಸಿಲೂ ಹದವಾಗಿರುತ್ತದೆ. ಮಾರ್ಚ್ ಕಳೆದ ಮೇಲೆ ಮಾರಿಕುಪ್ಪಂ ಸುತ್ತ ಹನ್ನೊಂದು ಗಂಟೆಯ ನಂತರ ನಡೆಯುವುದು ಕಷ್ಟ, ನೆರಳೇ ಇಲ್ಲ. ಬೀಸುಗಾಳಿಯ ತಿಂಗಳುಗಳನ್ನೂ ಬಿಟ್ಟುಬಿಡಿ, ಕಾರಣ ಮುಂದೆ ಹೇಳುತ್ತೇನೆ.

ಬೆಂಗಳೂರಿನಿಂದ ಬಂಗಾರಪೇಟೆ ರೈಲಿನಲ್ಲಿ ಸುಮಾರು 70 ಕಿ.ಮೀ. ಅಲ್ಲಿಂದ ಮಾರಿಕುಪ್ಪಂಗೆ 16 ಕಿ.ಮೀ. ಉದ್ದದ ಕವಲು ಹಾದಿ ಇದೆ. ಗಣಿಗಳಿಗಾಗಿಯೇ ಹಾಕಿದ ಈ ಹಾದಿ 19ನೇ ಶತಮಾನದ ಕೊನೆಯ ದಶಕದ್ದು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳ ಹೆಸರುಗಳಲ್ಲಿ ಹೆಚ್ಚಿನವು ಗಣಿಗಳ ಹೆಸರುಗಳೇ. ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲುಗಳು ಕಿಕ್ಕಿರಿದಿರುತ್ತವೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಗಣಿ ಕಾರ್ಮಿಕರ ಮಕ್ಕಳು ಬೆಂಗಳೂರಿನ ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ ದಿನಾ ಹೋಗಿಬರುವುದು ಈ ರೈಲುಗಳಲ್ಲೇ. ನೀವು ಎದುರು ದಿಕ್ಕಿಗೆ ಹೋಗುವುದರಿಂದ ಸೀಟಿನ ಚಿಂತೆಯಿಲ್ಲ. ಸಂಜೆ ವಾಪಸಾಗುವಾಗಲೂ ಹಾಗೆಯೇ. ಸಾಧ್ಯವಾದರೆ ಭಾನುವಾರ ಬನ್ನಿ. ಉಳಿದ ದಿನ ಲೈನುಗಳಲ್ಲಿ ಮುದುಕರು ಮತ್ತು ಮಕ್ಕಳೇ ಹೆಚ್ಚು, ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ರಾತ್ರಿ ತಂಗಲು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ಸಾಧಾರಣ ಲಾಡ್ಜ್‌ಗಳಿವೆ.

ದಾರಿ ತೋರುವವರು

ಈ ನಡಿಗೆಯ ಜೀವಾಳ ದಾರಿ ತೋರುವವರೇ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಇಪ್ಪತ್ತನೆಯ ವಯಸ್ಸಿನಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ ಕೆಲಸಕ್ಕೆ ಸೇರಿದವರಿಗೂ ಈಗ ಅರವತ್ತು ದಾಟಿದೆ. ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದು ಬಂದ ನೆನಪಿರುವ ಕೊನೆಯ ತಲೆಮಾರು ಇದೇ. ಇನ್ನು ಹದಿನೈದು ಇಪ್ಪತ್ತು ವರ್ಷ ಕಳೆದರೆ ಈ ಲೇಖನ ಬರೆಯುವುದಕ್ಕೂ ಅರ್ಥ ಇರುವುದಿಲ್ಲ.

ಅಂಥವರನ್ನು ಹುಡುಕುವುದು ಕಷ್ಟವಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಆಂಡರ್ಸನ್‌ಪೇಟೆಯ ಟೀ ಅಂಗಡಿಗಳಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ವಿಚಾರಿಸಿದರೆ ಯಾರಾದರೂ ಒಬ್ಬರನ್ನು ಕರೆತರುತ್ತಾರೆ. ಪರಿಚಿತರ ಮೂಲಕ ವಾರದ ಮುಂಚೆಯೇ ಮಾತಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಲೈನುಗಳಲ್ಲಿ ಮನೆಮಾತು ಹೆಚ್ಚಾಗಿ ತಮಿಳು, ಕೆಲವೆಡೆ ತೆಲುಗು. ಆದರೆ ಕನ್ನಡ ಗೊತ್ತಿಲ್ಲದವರು ಕಡಿಮೆ. ಹಿರಿಯರನ್ನು ‘ಅಣ್ಣಾ’, ‘ಅಮ್ಮಾ’ ಎಂದು ಕರೆಯಿರಿ, ಇಲ್ಲಿನ ಎಲ್ಲ ಮಾತುಗಳಲ್ಲೂ ಅದು ಸಲ್ಲುತ್ತದೆ.

ಹಣದ ಮಾತನ್ನು ಹೊರಡುವ ಮೊದಲೇ ಮುಗಿಸಿ. ‘ನೀವು ಕೊಟ್ಟಷ್ಟು ಕೊಡಿ ಸಾರ್’ ಎನ್ನುತ್ತಾರೆ. ಅದನ್ನು ಒಪ್ಪಿಕೊಳ್ಳಬೇಡಿ. ಅರ್ಧ ದಿನಕ್ಕೆ ಒಬ್ಬ ಗಾರೆ ಮೇಸ್ತ್ರಿಯ ಪೂರ್ತಿ ದಿನದ ಕೂಲಿಗಿಂತ ಕಡಿಮೆ ಕೊಡುವುದು ನ್ಯಾಯವಲ್ಲ ಎಂಬುದು ನನ್ನ ಲೆಕ್ಕ. ಜೊತೆಗೆ ತಿಂಡಿ, ಟೀ ನಿಮ್ಮದೇ. ಗುಂಪಿನಲ್ಲಿ ಆರು ಜನಕ್ಕಿಂತ ಹೆಚ್ಚು ಬೇಡ, ಲೈನಿನ ಓಣಿಗಳು ಕಿರಿದು. ಮತ್ತೆ, ಅವರ ನಡಿಗೆಯ ವೇಗವೇ ನಿಮ್ಮ ವೇಗ ಆಗಿರಲಿ. ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆ ಮೊದಲು ದಾಖಲಾದದ್ದು 1934ರಲ್ಲಿ, ಈ ಗಣಿಗಳ ಕಾರ್ಮಿಕರಲ್ಲೇ. ಬಂಡೆ ಕೊರೆಯುವಾಗ ಏಳುವ ಸಣ್ಣ ದೂಳು ಶ್ವಾಸಕೋಶದಲ್ಲಿ ಕುಳಿತರೆ ಹೊರಗೆ ಬರುವುದಿಲ್ಲ. ಏರಿನಲ್ಲಿ ಅವರು ನಿಂತರೆ ನೀವೂ ನಿಲ್ಲಿ, ಏನಾಯಿತೆಂದು ಕೇಳಬೇಡಿ. ಹೇಳಬೇಕೆನ್ನಿಸಿದರೆ ಅವರೇ ಹೇಳುತ್ತಾರೆ.

ಮೊದಲ ದಿನ: ಮಾರಿಕುಪ್ಪಂನಿಂದ ಊರಿಗಾಂ

ರೈಲಿನಲ್ಲಿ ಕೊನೆಯ ನಿಲ್ದಾಣ ಮಾರಿಕುಪ್ಪಂವರೆಗೆ ಹೋಗಿ, ಅಲ್ಲಿಂದ ಚಾಂಪಿಯನ್ ರೀಫ್ಸ್ ಮೇಲೆ ಊರಿಗಾಂಗೆ ನಡೆದು ಬರುವುದು ಸಲೀಸು. ಎಲ್ಲಿ ಸುಸ್ತಾದರೂ ಹತ್ತಿರದಲ್ಲೊಂದು ನಿಲ್ದಾಣ ಅಥವಾ ಆಟೊ ಸಿಗುತ್ತದೆ. ನಿಧಾನವಾಗಿ ಮಾತಾಡುತ್ತಾ ಬಂದರೆ ಅರ್ಧ ದಿನ.

ಲೈನು ಎಂದರೆ ಕಂಪನಿ ಕಟ್ಟಿಸಿದ ಸಾಲುಮನೆಗಳು. ಮೊದಮೊದಲು ಬಿದಿರಿನ ತಟ್ಟಿ ಗೋಡೆಯ ಗುಡಿಸಲುಗಳು, ಆಮೇಲೆ ತಗಡಿನ ಸೂರು ಬಂತು. ಒಂದು ಕೋಣೆ, ಬಗ್ಗಿ ಒಳಗೆ ಹೋಗುವಂಥ ಬಾಗಿಲು, ಎದುರಿಗೆ ಒಂದು ಮಾರು ಜಾಗ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಸಾವಿರಗಟ್ಟಲೆ ಜನ ಬಂದರು. ಅವರಲ್ಲಿ ದೊಡ್ಡ ಪಾಲು ದಲಿತರು. ಊರಿನ ಭೂಮಾಲೀಕರ ಜೀತ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿ ಸಾವು ಹತ್ತಿರವಿತ್ತು, ಆದರೆ ಕೈಗೆ ಕೂಲಿಯೂ ಬರುತ್ತಿತ್ತು. 20ನೇ ಶತಮಾನದ ಮೊದಲ ದಶಕದಲ್ಲೇ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಪ್ರೇರಣೆಯಿಂದ ಮಾರಿಕುಪ್ಪಂನಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆ ಹುಟ್ಟಿತು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರಲ್ಲಿ, ಅದಕ್ಕೆ ಅರ್ಧ ಶತಮಾನ ಮೊದಲೇ ಈ ತಗಡಿನ ಮನೆಗಳ ನಡುವೆ ಬುದ್ಧನ ಮಾತು ನಡೆದಿತ್ತು. 1930ರಲ್ಲಿ ಕೆಲಸಗಾರರ ಬೆರಳಚ್ಚು ದಾಖಲಿಸುವ ಆದೇಶ ಬಂದಾಗ ಇದೇ ಜನ ಮೂರು ವಾರ ಕೆಲಸ ನಿಲ್ಲಿಸಿದರು. ಲೈನುಗಳಲ್ಲಿ ನಡೆಯುವಾಗ ಬುದ್ಧ, ಅಂಬೇಡ್ಕರ್, ಮೇರಿಮಾತೆ, ಮಾರಿಯಮ್ಮ ಎಲ್ಲರೂ ಒಂದೇ ದಾರಿಯಲ್ಲಿ ಸಿಗುತ್ತಾರೆ.

ಬಾಗಿಲ ಮುಂದೆ ಕೂತವರ ಫೋಟೊ ಕೇಳದೆ ತೆಗೆಯಬೇಡಿ. ಮಕ್ಕಳಿಗೆ ಚಾಕೊಲೇಟು, ಹತ್ತು ರೂಪಾಯಿ ಹಂಚುವುದಂತೂ ಬೇಡವೇ ಬೇಡ. ಯಾರಾದರೂ ಒಳಗೆ ಕರೆದರೆ ಚಪ್ಪಲಿ ಬಿಟ್ಟು ಹೋಗಿ, ಕೊಟ್ಟ ಟೀ ಕುಡಿಯಿರಿ. ಬಡತನ ನೋಡಿ ಮರುಗುವ ಮುಖ ಮಾಡಬೇಡಿ. ಇವು ಇಡೀ ದೇಶಕ್ಕೆ ಚಿನ್ನ ತೆಗೆದುಕೊಟ್ಟ ಮನೆಗಳು. 120 ವರ್ಷಗಳಲ್ಲಿ ಇಲ್ಲಿ ಸಿಕ್ಕ ಚಿನ್ನ 800 ಟನ್‌ಗೂ ಹೆಚ್ಚು.

ಚಾಂಪಿಯನ್ ರೀಫ್ಸ್‌ನಲ್ಲಿ ಶಾಫ್ಟ್‌ಗಳ ಮೇಲಿನ ಉಕ್ಕಿನ ಗೋಪುರಗಳು ಅಲ್ಲಲ್ಲಿ ತುಕ್ಕು ಹಿಡಿದು ನಿಂತಿವೆ. ಕಾಂಪೌಂಡ್ ದಾಟಿ ಒಳಗೆ ಹೋಗುವುದು ಅಪರಾಧವೂ ಹೌದು, ಅಪಾಯವೂ ಹೌದು. ಹೊರಗೆ ನಿಂತೇ ನಿಮ್ಮ ಜೊತೆಗಾರರನ್ನು ಮಾತಾಡಿಸಿ. ಯಾವ ಪಾಳಿ? ಎಷ್ಟನೆಯ ಲೆವೆಲ್? ಊಟ ಎಲ್ಲಿ ಮಾಡುತ್ತಿದ್ದರು? ಇಲ್ಲಿ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಮೇಲಿನಿಂದ ತಣ್ಣನೆಯ ಗಾಳಿ ತಳ್ಳಿದರಷ್ಟೇ ಮನುಷ್ಯ ನಿಲ್ಲಬಹುದು. ಇವೆಲ್ಲಕ್ಕಿಂತ ಅವರು ಹೆದರುತ್ತಿದ್ದದ್ದು ಏರ್‌ಬ್ಲಾಸ್ಟ್‌ಗೆ. ಅದಿರು ತೆಗೆದು ಟೊಳ್ಳಾದ ಜಾಗದ ಸುತ್ತಲಿನ ಬಂಡೆ ಮೇಲಿನ ಭಾರ ತಾಳಲಾರದೆ ಒಮ್ಮೆಗೇ ಸಿಡಿಯುತ್ತಿತ್ತು. ಊರಿನ ಮನೆಗಳಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು. ಆಗ ಹೆಂಗಸರು ಮನೆಗಳಿಂದ ಶಾಫ್ಟ್ ಕಡೆಗೆ ಓಡಿ, ಮೇಲೆ ಬರುವ ಒಂದೊಂದೇ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಈ ಮಾತು ಬಂದಾಗ ಮನೆಯ ಹಿರಿಯ ಹೆಂಗಸರನ್ನೂ ಕೇಳಿ. ಗಣಿಯ ಚರಿತ್ರೆಯಲ್ಲಿ ಅವರ ಕಾಯುವಿಕೆ ಬರೆದಿಲ್ಲ.

ಇದೇ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡ್‌ಗಳ ಸಹೋದ್ಯೋಗಿಗಳ ಜೊತೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಅಷ್ಟು ದಪ್ಪ ಬಂಡೆ ಬೇರೆ ಕಣಗಳಲ್ಲಿ ಬಹುತೇಕವನ್ನು ತಡೆದು ನ್ಯೂಟ್ರಿನೊಗಳನ್ನು ಒಳಗೆ ಬಿಡುತ್ತಿತ್ತು. ಶಾಲಾ ಮಕ್ಕಳನ್ನು ಕರೆತಂದಿದ್ದರೆ ಇದನ್ನು ಹೇಳಲು ಮರೆಯಬೇಡಿ.

ಇನ್ನು ಸೈನೈಡ್ ಗುಡ್ಡ. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದೂ ಸುರಿದೂ ಎದ್ದ ದಿಬ್ಬಗಳು ಇವು. ಒಟ್ಟು ಮೂರು ಕೋಟಿ ಟನ್‌ಗೂ ಮೀರಿದ ಮಣ್ಣು. ಹತ್ತಿರದಿಂದ ನೋಡಿದರೆ ಬೂದು ಹಳದಿಯ ಮೇಲ್ಮೈ ತೆಳ್ಳನೆಯ ಹಕ್ಕಳೆ ಕಟ್ಟಿರುತ್ತದೆ, ಬೆರಳಿನಿಂದ ಒತ್ತಿದರೆ ಒಡೆದು ಒಳಗಿನ ಪುಡಿ ಉದುರುತ್ತದೆ. ಮಳೆ ನೀರು ಕೊರೆದ ಸೀಳುಗಳು ಆಳುದ್ದ ಇಳಿದಿವೆ, ಅಂಚು ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಎಷ್ಟೋ ಸಿನಿಮಾಗಳಲ್ಲಿ ಇದನ್ನು ನೋಡಿ ಹತ್ತಲು ಬರುವವರಿದ್ದಾರೆ. ಹತ್ತಬೇಡಿ ಎಂದೇ ನಾನು ಹೇಳುವುದು. ಅದು ಗಣಿ ಕಂಪನಿಯ ಜಾಗ, ಅನುಮತಿ ಬೇಕು. ಅದಕ್ಕಿಂತ ಮುಖ್ಯ, ಆ ಪುಡಿ ಸಿಲಿಕಾ. ಗಾಳಿ ಎದ್ದ ದಿನ ಅದು ಲೈನುಗಳ ಮೇಲೆ, ಅನ್ನದ ತಟ್ಟೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ. ಅಲ್ಲೇ ಬದುಕುವವರು ದಿನಾ ಉಸಿರಾಡುವುದನ್ನು ಇನ್ನಷ್ಟು ತುಳಿದು ಎಬ್ಬಿಸುವುದು ಬೇಡ. ರಸ್ತೆಯಿಂದ ನೋಡಿದರೂ ಅದರ ಗಾತ್ರ ಅರಿವಿಗೆ ಬರುತ್ತದೆ. ಒಂದು ಒಳ್ಳೆಯ ಮಾಸ್ಕ್ ಜೇಬಿನಲ್ಲಿರಲಿ. ಡ್ರೋನ್ ಹಾರಿಸಬೇಡಿ, ಬಿಇಎಂಎಲ್ ಕಾರ್ಖಾನೆಯ ಆವರಣದ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಮಧ್ಯಾಹ್ನದ ಊಟಕ್ಕೆ ರಾಬರ್ಟ್‌ಸನ್‌ಪೇಟೆ. ಎಂ.ಜಿ. ಮಾರುಕಟ್ಟೆಯ ಸುತ್ತ ಅಡ್ಡಾಡಿದರೆ ತಮಿಳು, ತೆಲುಗು, ಕನ್ನಡ, ಉರ್ದು ಒಟ್ಟಿಗೇ ಕಿವಿಗೆ ಬೀಳುತ್ತವೆ. ಕಲ್ಲಿನಲ್ಲಿ ಆಸಕ್ತಿ ಇರುವವರು ಸಂಜೆ ಪೆದ್ದಪಲ್ಲಿಗೆ ಆಟೊ ಮಾಡಿಕೊಂಡು ಹೋಗಬಹುದು. ಅಲ್ಲಿನ ಜ್ವಾಲಾಮುಖಿ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಕಲ್ಲು ಒಡೆದು ತರಬೇಡಿ.

ಎರಡನೆಯ ದಿನ: ಬೂದಿಕೋಟೆ ಕಡೆಗೆ

ಬಂಗಾರಪೇಟೆಯಿಂದ ಬೂದಿಕೋಟೆಗೆ ಬಸ್ಸಿದೆ. 1720ರ ಆಸುಪಾಸಿನಲ್ಲಿ ಹೈದರ್ ಅಲಿ ಹುಟ್ಟಿದ ಊರು ಇದು. ಅವನ ತಂದೆ ಫತ್ ಮುಹಮ್ಮದ್ ಶಿರಾ ನವಾಬನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ. ಬೆಟ್ಟದ ಮೇಲೆ ಹಳೆಯ ಕೋಟೆಯ ಗೋಡೆಗಳು ಉಳಿದಿವೆ. ಬೆಳಗಿನ ತಂಪಿನಲ್ಲಿ ಹತ್ತಿ ಇಳಿದುಬಿಡಿ, ಮೇಲಿನಿಂದ ನೋಡಿದರೆ ಇಡೀ ದಿನದ ದಾರಿ ಕಣ್ಣಿಗೆ ಸಿಗುತ್ತದೆ. ಒಂದು ಕಡೆ ಮಾರ್ಕಂಡೇಯ ಜಲಾಶಯ, ಉಳಿದ ಕಡೆ ಕೆರೆಗಳು, ಹೊಲಗಳು, ಬೋಳು ಬಂಡೆಯ ಗುಡ್ಡಗಳು.

ಇಲ್ಲಿಯೂ ಹಳ್ಳಿಯವರೇ ಮುಂದೆ ನಡೆಯಲಿ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಊರಿನ ಅರ್ಧ ಜನ ಸೇರಿರುತ್ತಾರೆ, ವಿಚಾರಿಸಲು ಅದೇ ಸರಿಯಾದ ಜಾಗ. ಹಿಂದೆ ಕೆರೆಯ ನೀರು ಹಂಚುವ ನೀರುಗಂಟಿ ಕೆಲಸ ಮಾಡಿದ ಮನೆಯವರು ಯಾರಾದರೂ ಬಂದರೆ ನಿಮ್ಮ ಅದೃಷ್ಟ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬಿದ್ದ ಮಳೆಯನ್ನು ತಗ್ಗಿನಿಂದ ತಗ್ಗಿಗೆ ಕೆರೆ ಕಟ್ಟಿ ಹಿಡಿದದ್ದರಿಂದ ಇಲ್ಲಿ ಭತ್ತ ಬೆಳೆಯಿತು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆಯೂ ಪಾಲಾರ್ ನದಿಗೆ ಅಡ್ಡ ಕಟ್ಟಿದ್ದೇ. ನೊಳಂಬ ಅರಸರ ಕಾಲದಲ್ಲಿ ಅದರ ಏರಿ ದುರಸ್ತಿಯಾದದ್ದನ್ನು ಶಾಸನ ಹೇಳುತ್ತದೆ. ಯಾವುದಾದರೂ ಕೆರೆಯ ಏರಿ ಮೇಲೆ ನಿಂತು ಅಚ್ಚುಕಟ್ಟಿನ ಕಡೆ ನೋಡಿ. ಗದ್ದೆಗಳು ಒಂದಕ್ಕಿಂತ ಒಂದು ಗೇಣು, ಮೊಳ ತಗ್ಗಾಗುತ್ತಾ ಇಳಿಯುತ್ತವೆ. ಸಾಪಾದ ಬೆಟ್ಟಗಳಷ್ಟು ಕಡಿದಲ್ಲ, ಆದರೆ ಕೆಲಸ ಅದೇ. ತೂಬಿನಿಂದ ಬಂದ ನೀರು ಮೊದಲ ಗದ್ದೆ ತುಂಬಿ, ಬದುವಿನಲ್ಲಿ ಗುದ್ದಲಿಯಿಂದ ಕಡಿದ ಗಂಡಿಯಲ್ಲಿ ಎರಡನೆಯದಕ್ಕೆ ಇಳಿಯುತ್ತದೆ. ಆ ಗಂಡಿ ಎಷ್ಟು ಅಗಲ, ಎಷ್ಟು ಹೊತ್ತು ತೆರೆದಿರಬೇಕು, ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂಬುದೆಲ್ಲ ನೀರುಗಂಟಿಯ ತೀರ್ಮಾನ. ಅದಕ್ಕಾಗಿ ಅವನಿಗೆ ಸುಗ್ಗಿಯಲ್ಲಿ ಎಲ್ಲ ಮನೆಗಳಿಂದ ಕಾಳಿನ ಪಾಲು ಸಲ್ಲುತ್ತಿತ್ತು.

ಬೋರ್‌ವೆಲ್ ಬಂದ ಮೇಲೆ ಈ ಲೆಕ್ಕ ಮುರಿಯಿತು. ಅವರವರ ನೀರು ಅವರವರ ಪಂಪಿನಲ್ಲಿ ಬಂದರೆ ತೂಬು ಎತ್ತುವವನನ್ನು ಯಾರು ಕೇಳುತ್ತಾರೆ? ಕೆರೆಗಳು ಹೂಳು ತುಂಬಿದವು, ಜಾಲಿ ಬೆಳೆಯಿತು. ಚಿನ್ನಕ್ಕಾಗಿ ಒಂದು ಕಡೆ ಮೂರು ಕಿ.ಮೀ. ಇಳಿದ ನೆಲದಲ್ಲೇ ಇನ್ನೊಂದು ಕಡೆ ರೈತ ನೀರಿಗಾಗಿ ಸಾವಿರ ಅಡಿ ದಾಟಿ ಕೊರೆಸಿದ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಮೇಲೆ ಬಂತೆಂದು ಖುಷಿಪಡುವವರೂ ಇದ್ದಾರೆ, ನೀರಿನ ಗುಣದ ಬಗ್ಗೆ ಆತಂಕಪಡುವವರೂ ಇದ್ದಾರೆ. ಇಬ್ಬರ ಮಾತನ್ನೂ ಕೇಳಿ. ಕೆರೆಗೆ ಇಳಿದು ಈಜುವುದು ಮಾತ್ರ ಬೇಡ.

ಏರಿಯಿಂದ ಮೇಲಿನ ಹೊಲಗಳ ಕಡೆ ಬಂದರೆ ರಾಗಿ. ಹಳೆಯ ಪದ್ಧತಿ ಬಿಡದವರ ಹೊಲದಲ್ಲಿ ಅಕ್ಕಡಿ ಸಾಲು ಕಾಣುತ್ತದೆ. ರಾಗಿಯ ನಡುವೆ ಅವರೆ, ತೊಗರಿ, ಅಂಚಿಗೆ ಹಳದಿ ಹೂವಿನ ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತದೆ. ಸಂಜೆಯ ಇಬ್ಬನಿಗೆ ಅದರ ಸೊಗಡು ಇಡೀ ಬಯಲಿಗೆ ಹಬ್ಬುತ್ತದೆ. ಬದುವಿನ ಮೇಲೇ ನಡೆಯಿರಿ, ಕೇಳದೆ ಕಾಯಿ ಕೀಳಬೇಡಿ. ಕೇಳಿದರೆ ಬೊಗಸೆ ತುಂಬ ಕೊಟ್ಟೇ ಕೊಡುತ್ತಾರೆ. ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರೆ ಪಕ್ಕಕ್ಕೆ ಸರಿದು ದಾಟಿ. ಊಟ ಹಳ್ಳಿಯ ಮನೆಯಲ್ಲೇ ಆಗುವಂತೆ ಹಿಂದಿನ ದಿನವೇ ಹೇಳಿಡಿ. ಈ ಕಾಲದಲ್ಲಿ ಮುದ್ದೆ ಮತ್ತು ಹಿತಕಿದ ಬೇಳೆ ಸಾರಿಗಿಂತ ಒಳ್ಳೆಯ ಊಟ ಈ ಸೀಮೆಯಲ್ಲಿ ಇಲ್ಲ. ಅವರೆಕಾಳು ನೆನೆಸಿ ಒಂದೊಂದಾಗಿ ಹಿತುಕುವುದು ಗಂಟೆಗಟ್ಟಲೆಯ ಕೆಲಸ. ಊಟಕ್ಕೆ ದುಡ್ಡು ತೆಗೆದುಕೊಳ್ಳಲು ಮನೆಯಾಕೆ ನಾಚಿಕೊಂಡರೂ ಬಿಡದೆ ಅವರ ಕೈಗೇ ಕೊಡಿ.

ರೇಷ್ಮೆ ಹುಳು ಸಾಕುವ ಮನೆ ನೋಡಬೇಕೆಂದಿದ್ದರೆ ಆ ದಿನ ಮೈಗೆ ಸೊಳ್ಳೆ ಕ್ರೀಮು, ಸೆಂಟು ಹಚ್ಚಬೇಡಿ. ಬೀಡಿ, ಸಿಗರೇಟು ಸೇದಿ ಒಳಗೆ ಹೋಗಬೇಡಿ. ಹುಳು ಬಹಳ ಸೂಕ್ಷ್ಮ, ಒಬ್ಬರ ಅಜಾಗ್ರತೆಯಿಂದ ಒಂದು ಇಡೀ ಬೆಳೆ ಹೋಗಬಹುದು. ‘ಹುಳು ಜ್ವರಕ್ಕೆ ಕೂತಿದೆ (ಪೊರೆ ಬಿಡುತ್ತಿದೆ), ಇವತ್ತು ಬೇಡ’ ಎಂದರೆ ಒತ್ತಾಯ ಮಾಡದೆ ಹೊರಡಿ.

ಆನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೂದಿಕೋಟೆ, ಕಾಮಸಮುದ್ರ ಹೋಬಳಿಗಳು ತಮಿಳುನಾಡಿನ ಗಡಿಗೆ ಅಂಟಿಕೊಂಡಿವೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಆ ಕಡೆಯ ಕಾಡಿನಿಂದ ಆನೆಗಳು ಇಳಿಯುತ್ತವೆ. ಬೆಳೆಯೂ ಹೋಗಿದೆ, ಜನರೂ ಸತ್ತಿದ್ದಾರೆ. ಹಳ್ಳಿಯವರು ‘ಆ ಕಡೆ ಬೇಡ’ ಎಂದರೆ ಅದೇ ಕೊನೆಯ ಮಾತು. ಬೆಳಿಗ್ಗೆ ಪೂರ್ತಿ ಬೆಳಕಾದ ಮೇಲೆ ಹೊರಡಿ, ಸಂಜೆ ಐದರೊಳಗೆ ಬಸ್ಸಿನ ರಸ್ತೆಗೆ ಬಂದುಬಿಡಿ. ಕಾಡಂಚಿನಲ್ಲಿ ಟೆಂಟು ಹಾಕುವ ಯೋಚನೆ ಬೇಡ.

ಹೊರುವ ಸಾಮಾನು ಕಡಿಮೆ ಇರಲಿ. ತಲೆಗೆ ಟೋಪಿ ಅಥವಾ ಟವೆಲ್ಲು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಕಾಲು ಮುಚ್ಚುವ ಬೂಟು, ಮಾಸ್ಕ್, ಚಿಲ್ಲರೆ ಹಣ. ಶೌಚಾಲಯಕ್ಕೆ ರೈಲು ನಿಲ್ದಾಣ, ಬಸ್ ನಿಲ್ದಾಣಗಳನ್ನೇ ನಂಬಬೇಕು, ಹೊರಡುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.

ಸಂಜೆ ಬಂಗಾರಪೇಟೆಗೆ ಮರಳಿದರೆ ಪಾನಿಪುರಿ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಇಲ್ಲಿನ ಪಾನಿಗೆ ಪುದಿನದ ಹಸಿರು ಇಲ್ಲ. ನೋಡಲು ತಿಳಿನೀರು, ಬಾಯಿಗಿಟ್ಟರೆ ಮೆಣಸಿನಕಾಯಿ, ಬೆಳ್ಳುಳ್ಳಿಯ ಖಾರ ನೆತ್ತಿಗೇರುತ್ತದೆ. ಖಾರ ತಡೆಯದವರು ಮೊದಲೇ ಹೇಳಿ, ಕಡಿಮೆ ಮಾಡಿಕೊಡುತ್ತಾರೆ. ಬೆಂಗಳೂರಿನ ಕಡೆ ಹೋಗುವ ರೈಲಿನ ಸಮಯವನ್ನು ಅದೇ ದಿನ ನೋಡಿಕೊಂಡು, ಅರ್ಧ ಗಂಟೆ ಮುಂಚೆ ನಿಲ್ದಾಣಕ್ಕೆ ಹೋಗಿ.